ಶಕುನದ ಖರ್ಚು ಯಾರ ಲೆಕ್ಕಕ್ಕೆ?

ಹಾಸನದಿಂದ ದುದ್ದದ ಕಡೆ ಹೊರಟು ಹತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಕೊರವಂಗಲ ಬರುತ್ತದೆ. ಬೇಲೂರು, ಹಳೇಬೀಡು ನೋಡಲು ಬಂದ ಪ್ರವಾಸಿಗಳು ಈ ಕಡೆ ತಿರುಗುವುದು ಕಡಿಮೆ. 1173ರಲ್ಲಿ ಇಮ್ಮಡಿ ವೀರಬಲ್ಲಾಳನಿಗೆ ಪಟ್ಟವಾದ ಸಂಭ್ರಮಕ್ಕೆ ಅವನ ಅಧಿಕಾರಿ ಬೂಚಿರಾಜ ಇಲ್ಲಿ ಬೂಚೇಶ್ವರ ದೇವಸ್ಥಾನ ಕಟ್ಟಿಸಿದ. ಬೂಚಿಯ ಅಣ್ಣತಮ್ಮಂದಿರಾದ ಗೋವಿಂದರಾಜ ಮತ್ತು ನಾಕನ ಹೆಸರಿನಲ್ಲೂ ಇದೇ ಊರಲ್ಲಿ ಗುಡಿಗಳೆದ್ದವು. ಬೂಚೇಶ್ವರ ಇವತ್ತಿಗೂ ಗಟ್ಟಿಯಾಗಿದೆ. ಗೋವಿಂದೇಶ್ವರ, ನಾಕೇಶ್ವರ ಪಾಳುಬಿದ್ದಿವೆ. ಒಂದೇ ಮನೆತನ, ಒಂದೇ ಊರು, ಒಂದೇ ಪಂಚಾಂಗ.

ಆ ಕಾಲದವರು ಗಳಿಗೆ ನೋಡದೆ ಕಲ್ಲು ಮುಟ್ಟುತ್ತಿರಲಿಲ್ಲ. ಹೊಯ್ಸಳರ ಯಾವ ದಾನಶಾಸನ ಓದಿದರೂ ಸಂವತ್ಸರ, ಮಾಸ, ತಿಥಿ, ವಾರ ಬರುತ್ತವೆ. ದಾನಕ್ಕೆ ಸಂಕ್ರಮಣವೋ ಗ್ರಹಣವೋ ವ್ಯತೀಪಾತವೋ ಕೂಡಿಬರಬೇಕು. ಪಟ್ಟಾಭಿಷೇಕಕ್ಕಂತೂ ಕೇಳುವುದೇ ಬೇಡ. ಇಮ್ಮಡಿ ಬಲ್ಲಾಳ 1220ರವರೆಗೆ, ನಲವತ್ತೇಳು ವರ್ಷ ಆಳಿದ. ಅದೇ ವಂಶದ ಮುಮ್ಮಡಿ ಬಲ್ಲಾಳನಿಗೆ 1292ರಲ್ಲಿ ಪಟ್ಟವಾಯಿತು. ಐವತ್ತು ವರ್ಷ ರಾಜ್ಯ ನೋಡಿಕೊಂಡವನು ಮುಪ್ಪಿನಲ್ಲಿ ಮಧುರೆಯ ಸುಲ್ತಾನನ ಕೈಗೆ ಸಿಕ್ಕಿ ಸತ್ತ. ಇಬ್ಬರಿಗೂ ಜೋಯಿಸರು ಒಳ್ಳೆಯ ಮುಹೂರ್ತವನ್ನೇ ಇಟ್ಟಿದ್ದಾರು. ಒಬ್ಬನ ಮುಹೂರ್ತ ಫಲಿಸಿತು, ಇನ್ನೊಬ್ಬನದು ಕೈಕೊಟ್ಟಿತು ಎನ್ನಬೇಕೆ? ಹಾಗೆ ಯಾರೂ ಅನ್ನುವುದಿಲ್ಲ. ಮುಹೂರ್ತದ ಜಾಣತನ ಇರುವುದೇ ಅಲ್ಲಿ, ಸೋತಾಗ ಅದರ ಹೆಸರು ಮೇಲೆ ಬರುವುದಿಲ್ಲ.

ನಂಬಿಕೆ ನಿಜವೋ ಸುಳ್ಳೋ ಎಂಬ ಜಗಳ ನಮ್ಮಲ್ಲಿ ಹಳೆಯದು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು, ಪರೀಕ್ಷಿಸಿ ನೋಡಬಹುದಾದ ಮೂಢನಂಬಿಕೆಗಳನ್ನು ಪರಿಶೀಲಿಸಲು ಸಮಿತಿಯನ್ನೇ ಮಾಡಿದ್ದರು. ಗಾಳಿಯಿಂದ ವಿಭೂತಿ ತೆಗೆಯುತ್ತೇನೆ ಅನ್ನುವವನನ್ನು ಪರೀಕ್ಷಿಸುವುದು ಸುಲಭ, ತೋಳು ಮಡಚಿ ತೆಗಿ ಎಂದರಾಯಿತು. ಅಂಗಡಿ ಬಾಗಿಲಿನ ನಿಂಬೆಹಣ್ಣನ್ನು ಹೇಗೆ ಪರೀಕ್ಷಿಸುತ್ತೀರಿ? ಅದು ಏನನ್ನೂ ಕೊಡುತ್ತೇನೆ ಎನ್ನುವುದಿಲ್ಲ. ಆಗಬಹುದಾಗಿದ್ದ ಕೆಡುಕನ್ನು ತಡೆದೆ ಎನ್ನುತ್ತದೆ ಅಷ್ಟೆ. ಆಗದೇ ಹೋದದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಅದಕ್ಕೇ ನನಗೆ ಬೇರೆ ಪ್ರಶ್ನೆ ಮುಖ್ಯ ಅನ್ನಿಸುತ್ತದೆ. ಈ ನಂಬಿಕೆಗೆ ಎಷ್ಟು ಖರ್ಚು, ಅದನ್ನು ಕೊಡುವವರು ಯಾರು?

ಬಹಳಷ್ಟು ನಂಬಿಕೆಗಳಿಗೆ ಖರ್ಚೇ ಇಲ್ಲ. ಹಲ್ಲಿ ಲೊಚಗುಟ್ಟಿದರೆ ನೆಲಕ್ಕೆ ಬೆರಳು ಬಡಿದು ‘ಕೃಷ್ಣ ಕೃಷ್ಣ’ ಅನ್ನುವುದು. ಕಾಗೆ ಹಿತ್ತಲಲ್ಲಿ ಒಂದೇ ಸಮ ಕೂಗಿದರೆ ಒಂದು ಪಾವು ಅಕ್ಕಿ ಹೆಚ್ಚಿಗೆ ಹಾಕುವುದು, ನೆಂಟರು ಬಾರದಿದ್ದರೆ ಮಾರನೆಯ ಬೆಳಿಗ್ಗೆ ಚಿತ್ರಾನ್ನ. ಒಂಟಿ ಸೀನಿಗೆ ಒಂದು ಗಳಿಗೆ ಕುಳಿತು ನೀರು ಕುಡಿದು ಹೊರಡುವುದು. ಮಗು ರಚ್ಚೆ ಹಿಡಿದರೆ ಅಜ್ಜಿ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾಳೆ. ಘಾಟು ಬರಲಿಲ್ಲ, ನೋಡು ಎಷ್ಟು ದೃಷ್ಟಿಯಾಗಿತ್ತು ಅನ್ನುತ್ತಾಳೆ. ಮಗು ಅಷ್ಟು ಹೊತ್ತಿಗೆ ಬೆಂಕಿ ನೋಡುತ್ತ ಅಳು ಮರೆತಿರುತ್ತದೆ. ಚನ್ನರಾಯಪಟ್ಟಣದ ಅಂಗಡಿಯವನು ‘ಬೋಣಿ ಟೈಮು, ಸಾಲ ಕೇಳ್ಬೇಡಿ’ ಅಂದರೆ ಅದು ನಂಬಿಕೆಯೂ ಹೌದು, ಒಳ್ಳೆಯ ವ್ಯಾಪಾರನೀತಿಯೂ ಹೌದು. ಇವುಗಳ ಮೇಲೆ ಕತ್ತಿ ಮಸೆಯುವ ವಿಚಾರವಾದಿಗಳನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ.

ಎದುರು ಬರುವ ಶಕುನಗಳ ಪಟ್ಟಿ ಮಾತ್ರ ಅಷ್ಟು ಮುಗ್ಧವಲ್ಲ. ಕೆಲಸಕ್ಕೆ ಹೊರಟಾಗ ಎದುರಿಗೆ ಬಂದರೆ ಶುಭವಾದವು ಯಾವುವು? ತುಂಬಿದ ಕೊಡ, ಮುತ್ತೈದೆ, ಕರುವಿನ ಜೊತೆಗಿರುವ ಹಸು, ಮಡಿ ಬಟ್ಟೆ ಹೊತ್ತ ಅಗಸ. ಹೆಣ ಕೂಡ ಶುಭಶಕುನವೇ. ಅಶುಭವಾದವು? ಖಾಲಿ ಕೊಡ, ಸೌದೆ ಹೊರೆ, ಎಣ್ಣೆ ಪಾತ್ರೆ, ಒಂಟಿ ಬ್ರಾಹ್ಮಣ, ಗಂಡ ಸತ್ತವಳು. ಈ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಖಾಲಿ ಕೊಡ ಹಿಡಿದವಳು ನೀರಿಗೆ ಹೊರಟವಳು. ಅವಳು ಖಾಲಿ ಕೊಡದಲ್ಲಿ ಹೋಗದೆ ತುಂಬಿದ ಕೊಡದಲ್ಲಿ ಬರುವುದು ಹೇಗೆ? ಸೌದೆ ಹೊತ್ತವರು ಒಲೆಗೆ ದುಡ್ಡಿಲ್ಲದವರು. ಒಂಟಿ ಬ್ರಾಹ್ಮಣನೊಬ್ಬನನ್ನು ಬಿಟ್ಟರೆ (ಊಟಕ್ಕೆ ಕರೆಯದ ಮನೆಗಳನ್ನು ಲೆಕ್ಕ ಹಾಕುತ್ತ ಬರುವ ಬಡ ಬ್ರಾಹ್ಮಣನೇ ಇರಬೇಕು ಅವನು) ಉಳಿದ ಹೆಸರುಗಳೆಲ್ಲ ಊರಿನ ಇಲ್ಲದವರ ಪಟ್ಟಿ. ಎಲ್ಲಕ್ಕಿಂತ ವಿಚಿತ್ರವೆಂದರೆ ಚಟ್ಟದ ಮೇಲೆ ಬರುತ್ತಿರುವ ಗಂಡ ಶುಭಶಕುನ, ಅವನ ಹಿಂದೆ ಉಳಿದು ಬದುಕಬೇಕಾದ ಹೆಂಡತಿ ಅಪಶಕುನ. ನಿಮ್ಮ ಕೋರ್ಟ್ ಕೇಸು ಗೆಲ್ಲಲಿ ಎಂದು ಅವಳು ಬಾಗಿಲ ಹಿಂದೆ ಸರಿದು ನಿಲ್ಲುತ್ತಾಳೆ. ಎಷ್ಟೋ ಮನೆಗಳಲ್ಲಿ ಅವಳಿಗೆ ‘ಹಿಂದೆ ಸರಿ’ ಎಂದು ಹೇಳಬೇಕಾಗಿಯೇ ಇಲ್ಲ, ತಾನಾಗಿಯೇ ಸರಿಯುತ್ತಾಳೆ. ಮೊಮ್ಮಗಳ ಆರತಿ ತಟ್ಟೆಗೆ ಕೈ ಹಾಕುವುದಿಲ್ಲ, ಚಪ್ಪರದ ಕಂಬದ ಹತ್ತಿರ ಬರುವುದಿಲ್ಲ. ಶಕುನ ನೋಡಿದವನಿಗೆ ಒಂದು ಪೈಸೆ ಖರ್ಚಿಲ್ಲ.

ಈ ನಂಬಿಕೆಗಳು ಎಲ್ಲೆಲ್ಲಿ ಹುಲುಸಾಗಿ ಬೆಳೆಯುತ್ತವೆ ಎಂದು ಕೇಳಿಕೊಂಡವರಲ್ಲಿ ಮಾನವಶಾಸ್ತ್ರಜ್ಞ ಬ್ರೋನಿಸ್ಲಾ ಮಾಲಿನೋವ್‌ಸ್ಕಿ ಮೊದಲಿಗರ ಸಾಲಿನವರು. ನ್ಯೂಗಿನಿಯ ಹತ್ತಿರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಮೊದಲ ಮಹಾಯುದ್ಧದ ಕಾಲದಲ್ಲಿ ಇದ್ದು ನೋಡಿದ ಅವರು ಒಂದು ಸಂಗತಿ ಗಮನಿಸಿದರು. ಒಳಗಿನ ಶಾಂತ ಹಿನ್ನೀರಿನಲ್ಲಿ ಮೀನು ಹಿಡಿಯುವಾಗ ಆ ಜನ ಮಂತ್ರತಂತ್ರದ ಗೊಡವೆಗೇ ಹೋಗುತ್ತಿರಲಿಲ್ಲ. ಅದೇ ಜನ ತೆರೆದ ಕಡಲಿಗೆ ಇಳಿಯಬೇಕಾದರೆ ಮಂತ್ರವಿಲ್ಲದೆ ದೋಣಿ ಮುಟ್ಟುತ್ತಿರಲಿಲ್ಲ. ದಡ್ಡತನಕ್ಕಿಂತ ಅನಿಶ್ಚಯವೇ ಮಂತ್ರವನ್ನು ಕರೆತರುತ್ತದೆ ಎಂಬುದು ಅವರ ತೀರ್ಮಾನ.

ಹಾಸನ ಜಿಲ್ಲೆಗೆ ಕಡಲಿಲ್ಲ, ಆಲೂಗಡ್ಡೆ ಇದೆ. ಮುಂಗಾರು ಆಲೂಗಡ್ಡೆಯ ಬಿತ್ತನೆಗೆಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಗಳಲ್ಲಿ ಬಂದು ಹಾಸನದ ಎಪಿಎಂಸಿಯಲ್ಲಿ ಇಳಿಯುತ್ತದೆ. ಗೆಡ್ಡೆ ಎಷ್ಟು ದಿನ ಶೀತಲಗೃಹದಲ್ಲಿತ್ತು, ಕೊಳೆ ಹಿಡಿದಿದೆಯೇ ಎಂಬುದು ಮೂಟೆ ಬಿಚ್ಚುವವರೆಗೆ ಗೊತ್ತಾಗದು. ಮೇ, ಜೂನ್‌ನಲ್ಲಿ ಬಿತ್ತಬೇಕು. ಮಳೆ ಕಡಿಮೆಯಾದರೆ ಮೊಳಕೆಯಿಲ್ಲ, ಸೋನೆ ಹಿಡಿದು ಮೋಡ ಬಿಡದಿದ್ದರೆ ಅಂಗಮಾರಿ. 1845ರಲ್ಲಿ ಐರ್ಲೆಂಡನ್ನು ಹಸಿವಿಗೆ ದೂಡಿದ ರೋಗ ಇದೇ. ತಂಪು ಹವೆ, ಒದ್ದೆ ಎಲೆ ಸಿಕ್ಕಿದರೆ ಹಸಿರು ಹೊಲ ಒಂದು ವಾರದಲ್ಲಿ ಕಪ್ಪಾಗುತ್ತದೆ. ಪಕ್ಕದ ಹೊಲ ಉಳಿದು ನಿಮ್ಮದು ಹೋಗಬಹುದು. ಎಲ್ಲವನ್ನೂ ದಾಟಿ ಗೆಡ್ಡೆ ಕಿತ್ತ ದಿನ ದರ ಬಿದ್ದಿರಬಹುದು. ಶುಂಠಿಯ ಕಥೆಯೂ ಇದೇ, ಇನ್ನೂ ದೊಡ್ಡ ಮೊತ್ತದಲ್ಲಿ.

ಇಂಥ ಹೊಲದ ಅಂಚಿನಲ್ಲಿ ಬೆರ್ಚಪ್ಪ ನಿಂತಿರುತ್ತಾನೆ, ಕುಡಿಕೆಗೆ ಸುಣ್ಣ ಬಳಿದು ಚುಕ್ಕಿ ಇಟ್ಟಿರುತ್ತಾರೆ, ‘ಕೈಗುಣ’ ಚೆನ್ನಾಗಿರುವವರ ಕೈಯಲ್ಲಿ ಮೊದಲ ಸಾಲು ಹಾಕಿಸಿರುತ್ತಾರೆ. ‘ಬೆಳೆ ಹೆಂಗೈತೆ?’ ಎಂದು ಕೇಳಿದರೆ ರೈತ ‘ಏನೋ ಇದೆ ಬುಡಿ’ ಅನ್ನುತ್ತಾನೆಯೇ ಹೊರತು ಚೆನ್ನಾಗಿದೆ ಅನ್ನುವುದಿಲ್ಲ. ಹೇಮಾವತಿ ಕಾಲುವೆಯ ನೀರು ನಂಬಿ ಭತ್ತ ಹಾಕುವ ಹೊಳೆನರಸೀಪುರದ ಗದ್ದೆಗಳಲ್ಲಿ ಇಷ್ಟು ಎಚ್ಚರಿಕೆಯ ಮಾತು ನನಗೆ ಕೇಳಿಸಿಲ್ಲ. ಅಲ್ಲಿ ಕಾಯುವುದು ಗೇಟು ಯಾವಾಗ ಎತ್ತುತ್ತಾರೆ ಎಂದು, ಬೈಯುವುದು ಇಂಜಿನಿಯರನ್ನು. ನೀರಿಗೆ ಒಡೆಯನೊಬ್ಬ ಸಿಕ್ಕಿದರೆ ಗ್ರಹಗಳಿಗೆ ಸ್ವಲ್ಪ ಬಿಡುವು. ಅರಕಲಗೂಡು ತಾಲ್ಲೂಕಿನ ಹೊಗೆಸೊಪ್ಪಿನವರು ಎರಡರ ನಡುವೆ ಇದ್ದಾರೆ. ಬೆಳೆ ಅವರ ಕೈಯಲ್ಲಿದೆ, ರಾಮನಾಥಪುರದ ಹರಾಜಿನ ದರ ಇಲ್ಲ. ಹರಾಜಿನ ಬೆಳಿಗ್ಗೆ ಯಾರ ಮುಖ ನೋಡಿ ಎದ್ದೆ ಎಂಬ ಮಾತು ಬರುವುದು ಸಹಜ.

ನಂಬಿಕೆ ಒಮ್ಮೆ ಹುಟ್ಟಿದ ಮೇಲೆ ಉಳಿಯುವುದು ಹೇಗೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ 1948ರಲ್ಲಿ ಪಾರಿವಾಳಗಳಲ್ಲಿ ತೋರಿಸಿದರು. ಹಸಿದ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು, ಅವು ಏನೇ ಮಾಡಲಿ ಬಿಡಲಿ, ನಿಗದಿತ ಸಮಯಕ್ಕೊಮ್ಮೆ ಕಾಳು ಬೀಳುವಂತೆ ಮಾಡಿದರು. ಎಂಟರಲ್ಲಿ ಆರು ಪಾರಿವಾಳಗಳು ಒಂದೊಂದು ವಿಚಿತ್ರ ಅಭ್ಯಾಸ ಕಲಿತವು. ಒಂದು ಗಿರಕಿ ಹೊಡೆಯಿತು, ಇನ್ನೊಂದು ತಲೆಯನ್ನು ಮೂಲೆಗೆ ಚಾಚಿತು. ಕಾಳು ಬಿದ್ದಾಗ ಆಕಸ್ಮಿಕವಾಗಿ ಏನು ಮಾಡುತ್ತಿತ್ತೋ ಅದನ್ನೇ ಹಿಡಿದುಕೊಂಡಿತು. ಸ್ಕಿನ್ನರ್ ಹೇಳಿದ್ದೆಲ್ಲ ಸರಿಯಲ್ಲ ಎಂದು ಆಮೇಲಿನವರು ತಕರಾರು ತೆಗೆದಿದ್ದಾರೆ. ಆದರೂ ಪರೀಕ್ಷೆಗೆ ಅದೇ ಪೆನ್ನು, ಕ್ರಿಕೆಟ್ ನೋಡುವಾಗ ಅದೇ ಕುರ್ಚಿ ಎನ್ನುವ ನಮ್ಮ ಮನೆಗಳಲ್ಲಿ ಆ ಪಾರಿವಾಳಗಳಿಗೆ ನೆಂಟರು ಬೇಕಾದಷ್ಟಿದ್ದಾರೆ.

ರಾಹುಕಾಲದ ವಿಷಯದಲ್ಲಿ ಒಂದು ತಮಾಷೆಯಿದೆ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಎಂಟು ಪಾಲು ಮಾಡಿ, ವಾರಕ್ಕೆ ತಕ್ಕಂತೆ ಒಂದು ಪಾಲನ್ನು ರಾಹುವಿಗೆ ಕೊಡುವುದು ಶಾಸ್ತ್ರ. ಗೋಡೆ ಕ್ಯಾಲೆಂಡರಿನಲ್ಲಿ ಅಚ್ಚಾಗಿರುವ ಶುಕ್ರವಾರದ 10.30ರಿಂದ 12, ಸೋಮವಾರದ 7.30ರಿಂದ 9 ಇತ್ಯಾದಿಗಳು ಸೂರ್ಯ ಬೆಳಿಗ್ಗೆ ಆರಕ್ಕೆ ಹುಟ್ಟಿ ಸಂಜೆ ಆರಕ್ಕೆ ಮುಳುಗುತ್ತಾನೆ ಎಂದುಕೊಂಡು ಹಾಕಿದ ಲೆಕ್ಕ. ನಮ್ಮ ಗಡಿಯಾರ ಓಡುವುದು ಪೂರ್ವ ರೇಖಾಂಶ 82.5 ಡಿಗ್ರಿಯ ಸೂರ್ಯನಿಗೆ. ಹಾಸನ ಇರುವುದು 76 ಡಿಗ್ರಿಯ ಆಸುಪಾಸಿನಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ, ವರ್ಷದ ಸರಾಸರಿಯಲ್ಲಿ ಇಲ್ಲಿಯ ಸೂರ್ಯ ಗಡಿಯಾರಕ್ಕಿಂತ ಸುಮಾರು 25 ನಿಮಿಷ ಹಿಂದೆ. ಅಂದರೆ ಶುಕ್ರವಾರ ಹನ್ನೆರಡು ಹೊಡೆಯಲಿ ಎಂದು ಕಾದು ಕುಳಿತು, ಹೊಡೆದ ತಕ್ಷಣ ಹೊಸ ಬೈಕ್ ಮನೆಗೆ ತಂದವನು ಶಾಸ್ತ್ರದ ಪ್ರಕಾರ ರಾಹುಕಾಲದ ಒಳಗೇ ಇರುತ್ತಾನೆ. ಆ ಬೈಕ್‌ಗಳೆಲ್ಲ ಚೆನ್ನಾಗಿಯೇ ಓಡುತ್ತಿವೆ. ಸ್ಥಳೀಯ ಸೂರ್ಯೋದಯ ಹಿಡಿದು ಲೆಕ್ಕ ಹಾಕುವ ಪಂಚಾಂಗಗಳೂ ಇವೆ; ಮೊಳೆಗೆ ನೇತುಹಾಕುವುದು ಮಾತ್ರ ಕ್ಯಾಲೆಂಡರನ್ನು.

ಬಡವನ ನಿಂಬೆಹಣ್ಣಿಗೆ ನಗುವುದಕ್ಕಿಂತ ದೊಡ್ಡವರ ನಿಂಬೆಹಣ್ಣಿಗೆ ನಗುವುದು ಹೆಚ್ಚು ನ್ಯಾಯ ಅನ್ನುತ್ತೀರೇನೊ. ಹೊಳೆನರಸೀಪುರದ ಎಚ್.ಡಿ. ರೇವಣ್ಣನವರ ಕೈಯ ನಿಂಬೆಹಣ್ಣು ರಾಜ್ಯಕ್ಕೇ ಪ್ರಸಿದ್ಧವಾಯಿತು. 2019ರ ಜುಲೈನಲ್ಲಿ ವಿಶ್ವಾಸಮತದ ಚರ್ಚೆಯಲ್ಲೂ ಅದು ಬಂತು. ದೇವಸ್ಥಾನಕ್ಕೆ ಹೋಗುವವರು ನಿಂಬೆಹಣ್ಣು ಹಿಡಿಯುತ್ತಾರೆ, ಅದರಿಂದ ಸರ್ಕಾರ ಉಳಿಸಿಕೊಳ್ಳಲು ಆಗುತ್ತದೆಯೇ ಎಂಬರ್ಥದಲ್ಲಿ ಮುಖ್ಯಮಂತ್ರಿ ಕುಮಾರಸ್ವಾಮಿ ಅಣ್ಣನ ಪರವಾಗಿ ಸದನದಲ್ಲಿ ಕೇಳಿದರು. 99ಕ್ಕೆ 105 ಮತಗಳಿಂದ ಸರ್ಕಾರ ಬಿದ್ದು ಪ್ರಶ್ನೆಗೆ ಉತ್ತರವೂ ಸಿಕ್ಕಿತು. ಒಬ್ಬ ಸಚಿವ ಹಣ್ಣು ಹಿಡಿದುಕೊಂಡರೆ ನನಗೇನೂ ನಷ್ಟವಿಲ್ಲ. ಅಧಿಕಾರದ ನಂಬಿಕೆಗೆ ಊರೊಂದು ಬೆಲೆ ತೆತ್ತರೆ ಅದು ಬೇರೆ ಮಾತು, ಚಾಮರಾಜನಗರಕ್ಕೆ ಆದದ್ದು ಹಾಗೆ.

ಆ ಊರಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆ ಎಂಬುದು ನಂಬಿಕೆ. ಪಟ್ಟಿ ನೋಡಲು ಭಾರಿಯಾಗಿಯೇ ಇದೆ: ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ವೀರೇಂದ್ರ ಪಾಟೀಲ, 2007ರಲ್ಲಿ ಕುಮಾರಸ್ವಾಮಿ. ಒಬ್ಬೊಬ್ಬರನ್ನೇ ತೆಗೆದು ನೋಡಿ. ಅರಸು ಇಂದಿರಾ ಗಾಂಧಿಯವರೊಂದಿಗೆ ಮುರಿದುಕೊಂಡು ಸೋತರು. ಗುಂಡೂರಾವ್ ಅವರನ್ನು 1983ರ ಚುನಾವಣೆಯಲ್ಲಿ ಮತದಾರರು ಇಳಿಸಿದರು. ಹೆಗಡೆ 1988ರಲ್ಲಿ ದೂರವಾಣಿ ಕದ್ದಾಲಿಕೆಯ ಹಗರಣಕ್ಕೆ ರಾಜೀನಾಮೆ ಕೊಟ್ಟರು. ಕಾಯಿಲೆ ಬಿದ್ದಿದ್ದ ವೀರೇಂದ್ರ ಪಾಟೀಲರನ್ನು 1990ರಲ್ಲಿ ರಾಜೀವ್ ಗಾಂಧಿ ಬದಲಾಯಿಸಿದರು. ಕುಮಾರಸ್ವಾಮಿಯವರ ಇಪ್ಪತ್ತು ತಿಂಗಳ ಒಪ್ಪಂದ 2007ರಲ್ಲಿ ಮುಗಿದಿತ್ತು. ಇಷ್ಟಕ್ಕೂ ಈ ರಾಜ್ಯದಲ್ಲಿ ಒಂದೇ ಸಮನೆ ಐದು ವರ್ಷ ಪೂರೈಸಿದವರನ್ನು ಹುಡುಕಿದರೆ ನಿಜಲಿಂಗಪ್ಪ, ಅರಸು, ಸಿದ್ದರಾಮಯ್ಯ ಎಂದು ಬೆರಳು ಮಡಚುವಷ್ಟರಲ್ಲಿ ಪಟ್ಟಿ ಮುಗಿಯುತ್ತದೆ. ಹೀಗಿರುವಾಗ ಮುಖ್ಯಮಂತ್ರಿಗಳು ಹೋಗಿಬಂದ ಯಾವ ಊರಿನ ಮೇಲಾದರೂ ಈ ಕಳಂಕ ಹೊರಿಸಬಹುದಿತ್ತು. ಬೆಂಗಳೂರಿನ ಮೇಲೆ ಹೊರಿಸಿದ್ದರೆ ಲೆಕ್ಕ ಇನ್ನೂ ಪಕ್ಕಾ ಆಗುತ್ತಿತ್ತು, ಕುರ್ಚಿ ಕಳೆದುಕೊಂಡವರೆಲ್ಲ ಅಲ್ಲಿಗೆ ಹೋಗಿದ್ದವರೇ.

1997ರಲ್ಲಿ ಜಿಲ್ಲಾ ಕೇಂದ್ರವಾದ ಊರಿಗೆ ಮುಖ್ಯಮಂತ್ರಿಯನ್ನು ನೋಡುವುದೇ ಸುದ್ದಿಯಾಗುವ ಸ್ಥಿತಿ ಬಂತು. ಮುಖ್ಯಮಂತ್ರಿ ಬರುತ್ತಾರೆಂದರೆ ರಸ್ತೆ ಡಾಂಬರು ಕಾಣುತ್ತದೆ, ಆಸ್ಪತ್ರೆಗೆ ಸುಣ್ಣ ಬೀಳುತ್ತದೆ, ಅಧಿಕಾರಿ ಕಡತ ತೆಗೆಯುತ್ತಾನೆ. ಬಾರದಿದ್ದರೆ ಅದೆಲ್ಲ ಇಲ್ಲ. 2013ರಲ್ಲಿ ಸಿದ್ದರಾಮಯ್ಯ ಹೋದರು, ಮತ್ತೆ ಮತ್ತೆ ಹೋದರು, 2018ರವರೆಗೆ ಕುರ್ಚಿಯಲ್ಲೇ ಇದ್ದರು. 2023ರ ಜೂನ್‌ನಲ್ಲಿ, ವಾಸ್ತು ಸರಿಯಿಲ್ಲವೆಂದು ಮುಚ್ಚಿದ್ದ ವಿಧಾನಸೌಧದ ತಮ್ಮ ಕಚೇರಿಯ ದಕ್ಷಿಣದ ಬಾಗಿಲನ್ನೂ ತೆರೆಸಿದರು. ಅವರೂ ಪೂರ್ತಿ ತಪ್ಪಿಸಿಕೊಳ್ಳಲಿಲ್ಲ ಅನ್ನಿ. 2016ರಲ್ಲಿ ಅವರ ಕಾರಿನ ಮೇಲೆ ಕಾಗೆಯೊಂದು ಕುಳಿತು ಏಳದೆ ಹಟ ಹಿಡಿಯಿತು, ಸ್ವಲ್ಪದರಲ್ಲೇ ಕಾರು ಬದಲಾಯಿತು. ಕಾಗೆಗೂ ಕಾರಿಗೂ ಸಂಬಂಧವಿಲ್ಲ, ಹಳೆಯದು ಬಹಳ ಓಡಿತ್ತು ಎಂದು ಅವರು ಹೇಳಿದರೂ ಟಿ.ವಿ.ಗಳು ಕೇಳಿಸಿಕೊಳ್ಳಲಿಲ್ಲ.

ಖರ್ಚು ಬೇರೆಯವರ ಮೇಲೆ ಬೀಳುವ ಇನ್ನೆರಡನ್ನು ಬೇಗ ಹೇಳಿಬಿಡುತ್ತೇನೆ. ಆಯುಧಪೂಜೆಯ ದಿನ ನಿಮ್ಮ ಲಾರಿಯ ದೃಷ್ಟಿ ತೆಗೆದು ರಸ್ತೆ ಮಧ್ಯೆ ಒಡೆದ ಬೂದುಗುಂಬಳದ ಲೋಳೆಯ ಮೇಲೆ ಜಾರಿ ಬೀಳುವವನು ಯಾರದೋ ಮಗ. ಮಣ್ಣುಮುಕ್ಕ ಹಾವಿನದು ಇನ್ನೂ ಅನ್ಯಾಯ. ಅದರ ಮೊಂಡು ಬಾಲ ತಲೆಯಂತೆ ಕಾಣುವುದರಿಂದ ‘ಎರಡು ತಲೆ ಹಾವು’, ಮನೆಯಲ್ಲಿದ್ದರೆ ಐಶ್ವರ್ಯ ಎಂದು ಲಕ್ಷಗಟ್ಟಲೆ ದರ ಹೇಳಿ ಮಾರುವ ಜಾಲಗಳಿವೆ. ವಿಷವಿಲ್ಲದ, ಹೊಲದ ಇಲಿ ತಿನ್ನುವ ಪ್ರಾಣಿ ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹಿಡಿಯುವುದೂ ಮಾರುವುದೂ ಅಪರಾಧ. ಹೊಲದಲ್ಲಿದ್ದಾಗ ರೈತನಿಗೆ ಅದು ನಿಜವಾಗಿಯೂ ಲಾಭ ತರುತ್ತಿತ್ತು.

ಸರ್ಕಾರ ಈ ವಿಷಯದಲ್ಲಿ ಸುಮ್ಮನಿಲ್ಲ. ಅಮಾನವೀಯ ಅನಿಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆಯುವ ಮಸೂದೆಗೆ 2017ರ ನವೆಂಬರ್‌ನಲ್ಲಿ ವಿಧಾನಸಭೆ ಒಪ್ಪಿಗೆ ಕೊಟ್ಟಿತು, ಕಾಯ್ದೆ ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ನಿಧಿಗಾಗಿ ಬಲಿ, ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆತ, ಎಂಜಲೆಲೆಯ ಮೇಲೆ ಉರುಳುವ ಮಡೆಸ್ನಾನ, ಮುಟ್ಟಾದ ಅಥವಾ ಬಸುರಿ ಹೆಂಗಸನ್ನು ಊರಾಚೆ ಇಡುವುದು, ಇವೆಲ್ಲ ಅದರಡಿ ಅಪರಾಧ. ಕಾಯ್ದೆ ಇದ್ದೂ 2023ರ ಜುಲೈನಲ್ಲಿ ತುಮಕೂರಿನ ಹತ್ತಿರದ ಗೊಲ್ಲರಹಟ್ಟಿಯೊಂದರಲ್ಲಿ ಬಾಣಂತಿಯನ್ನು ಮಳೆಯಲ್ಲಿ ಊರಾಚೆ ಗುಡಿಸಲಲ್ಲಿಟ್ಟು ಕೂಸು ಸತ್ತಿತು. ದೇವರಿಗೆ ಸೂತಕವಾಗಬಾರದೆಂಬ ಭಯದ ಖರ್ಚು ಅದು. ಅರಸೀಕೆರೆ ಸೀಮೆಯಲ್ಲೂ ಗೊಲ್ಲರಹಟ್ಟಿಗಳಿವೆ, ಹಾಸನ ಜಿಲ್ಲೆಗೆ ಇದು ಪರದೇಶದ ಸುದ್ದಿಯಲ್ಲ.

ವಾಸ್ತು, ಜ್ಯೋತಿಷ್ಯದ ಸಲಹೆಗಳನ್ನು ಕಾಯ್ದೆ ಮುಟ್ಟಿಲ್ಲ. ಮುಟ್ಟಿದ್ದರೆ ಮಸೂದೆ ಪಾಸಾಗುತ್ತಿರಲಿಲ್ಲ, ಅದಿರಲಿ. ಹೆಣ್ಣುಮಕ್ಕಳ ಜಾತಕದ ಲೆಕ್ಕ ಮಾತ್ರ ಹೀಗೆ ಹೊರಗೇ ಉಳಿಯಿತು. ಮೂಲಾ ನಕ್ಷತ್ರದ ಹುಡುಗಿ ಮಾವನಿಗಾಗದು, ಆಶ್ಲೇಷೆಯವಳು ಅತ್ತೆಗಾಗದು, ಜ್ಯೇಷ್ಠೆಯವಳು ಭಾವನಿಗೆ, ವಿಶಾಖೆಯವಳು ಮೈದುನನಿಗೆ. ಇಪ್ಪತ್ತೇಳರಲ್ಲಿ ನಾಲ್ಕು ನಕ್ಷತ್ರ. ಚಂದ್ರ ಒಂದೊಂದರಲ್ಲಿ ಹೆಚ್ಚುಕಡಿಮೆ ಒಂದೊಂದು ದಿನ ಇರುವುದರಿಂದ, ಪಾದಗಳ ವಿನಾಯಿತಿ ಬಿಟ್ಟು ಹೇಳಿದರೆ, ಸುಮಾರು ಏಳು ಹುಡುಗಿಯರಲ್ಲಿ ಒಬ್ಬಳು ಹುಟ್ಟುತ್ತಲೇ ಯಾರಿಗೋ ಗಂಡಾಂತರ. ಕುಜದೋಷ ಇನ್ನೂ ಉದಾರಿ. ಹನ್ನೆರಡು ಮನೆಗಳಲ್ಲಿ ಎರಡು, ನಾಲ್ಕು, ಏಳು, ಎಂಟು, ಹನ್ನೆರಡು, ಹೀಗೆ ಐದರಲ್ಲಿ ಕುಜ ಎಲ್ಲಿದ್ದರೂ ದೋಷ. ಲಗ್ನದಿಂದ ಒಮ್ಮೆ, ಚಂದ್ರನಿಂದ ಒಮ್ಮೆ, ಶುಕ್ರನಿಂದ ಒಮ್ಮೆ ಎಣಿಸುತ್ತ ಹೋದರೆ ದೋಷವಿಲ್ಲದವರನ್ನೇ ಹುಡುಕಬೇಕು. ಅದಕ್ಕೇ ದೋಷಕ್ಕಿಂತ ದೋಷ ಪರಿಹಾರದ ಪಟ್ಟಿ ಉದ್ದವಾಗಿದೆ.

ಮದುವೆಯಾದ ಮೇಲೆ ‘ಕಾಲ್ಗುಣ’ ಶುರು. ಸೊಸೆ ಬಂದ ವರ್ಷ ಬೋರ್‌ವೆಲ್‌ಗೆ ನೀರು ಬಿದ್ದರೆ ಗಂಡನ ಮನೆಯ ಪುಣ್ಯ, ಎಮ್ಮೆ ಸತ್ತರೆ ಅವಳ ಕಾಲ್ಗುಣ. ಹಾಸನಾಂಬೆಯ ಗುಡಿಯಲ್ಲಿ ‘ಸೊಸೆ ಕಲ್ಲು’ ಇದೆ. ಅತ್ತೆಯ ಏಟಿಗೆ ನೊಂದು ‘ಅಮ್ಮಾ ಕಾಪಾಡು’ ಎಂದವಳನ್ನು ದೇವಿ ಕಲ್ಲಾಗಿಸಿದಳಂತೆ. ಆ ಕಲ್ಲು ವರ್ಷಕ್ಕೊಂದು ಭತ್ತದ ಕಾಳಿನಷ್ಟು ದೇವಿಯ ಕಡೆ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಎಂದು ಪ್ರತೀತಿ. ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ಮಾತ್ರ ಬಾಗಿಲು ತೆರೆಯುವ ಆ ಗುಡಿಯಲ್ಲಿ ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ಈ ಕಲ್ಲಿಗೂ ಕೈಮುಗಿಯುವ ಅತ್ತೆಯರು ಎಷ್ಟೋ.

ಜಾತಕದಿಂದ ತಪ್ಪಿಸಿಕೊಳ್ಳುವ ದಾರಿಯನ್ನು ಜನ ತಾವೇ ಕಂಡುಕೊಂಡಿದ್ದಾರೆ. ಮೂಲಾ ನಕ್ಷತ್ರ ಮುಗಿದು ಪೂರ್ವಾಷಾಢ ಹತ್ತುವ ಗಳಿಗೆ ಪಂಚಾಂಗದಲ್ಲಿ ಅಚ್ಚಾಗಿರುತ್ತದೆ. ಹೆತ್ತವರು ಮಗಳ ಹುಟ್ಟಿದ ಹೊತ್ತನ್ನು ಅದರಾಚೆಗೆ ಸ್ವಲ್ಪ ತಳ್ಳಿ ಹೊಸ ಜಾತಕ ಬರೆಸುತ್ತಾರೆ. ಬರೆಯುವ ಜೋಯಿಸರಿಗೆ ವಿಷಯ ಗೊತ್ತು, ದಲ್ಲಾಳಿಗೆ ಗೊತ್ತು, ಗಂಡಿನ ಕಡೆಯವರಿಗೂ ಒಮ್ಮೊಮ್ಮೆ ಗೊತ್ತಿರುತ್ತದೆ. ಹುಡುಗಿ ನೌಕರಿಯಲ್ಲಿದ್ದರೆ ಯಾರೂ ಕೆದಕಲು ಹೋಗುವುದಿಲ್ಲ.